ಮನೆ ಅಳಿಯನ ದುಂಡು ಕತ್ತಿ

ಐವತ್ತರ ಹತ್ತಿರ ಬಂದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯದೇ ಇದ್ದರೆ ಅವನ ಆರೋಗ್ಯದ ಬಗ್ಗೆ ನನಗೆ ಅನುಮಾನ ಬರುತ್ತದೆ. ರಾಮನಗರದ ನಮ್ಮ ಕಚೇರಿಯನ್ನೇ ನೋಡಿ. ಒಬ್ಬರು ಆಲದ ಮರವನ್ನು ಊಟದ ಬಟ್ಟಲಿನಲ್ಲಿ ಬೆಳೆಸಲು ಹೊರಟು ಈಗ ಅದಕ್ಕೆ ಬಿಳಲು ಬಂದಿದೆಯೇ ಎಂದು ದಿನಾ ಕನ್ನಡಕ ಹಾಕಿಕೊಂಡು ಹುಡುಕುತ್ತಾರೆ. ಇನ್ನೊಬ್ಬರು ಕೊಳಲು ಕಲಿಯಲು ಶುರುಮಾಡಿದ ಮೇಲೆ ಅವರ ಪಕ್ಕದ ಮನೆಯವರು ಬಾಡಿಗೆ ಮನೆ ಹುಡುಕುತ್ತಿದ್ದಾರೆ. ನನಗೆ ಹಿಡಿದದ್ದು ಕತ್ತಿವರಸೆ. ಅದೂ ನಮ್ಮ ಕಡೆಯದಲ್ಲ. ಕೆಲವು ನೂರು ವರ್ಷಗಳ ಹಿಂದೆ ಜರ್ಮನಿಯ ಕಡೆ ಎರಡೂ ಕೈಯಲ್ಲಿ ಹಿಡಿದು ಬೀಸುತ್ತಿದ್ದರಲ್ಲ, ನೆಟ್ಟಗೆ, ನಿಲ್ಲಿಸಿದರೆ ಎದೆಯೆತ್ತರ ಬರುವಂಥ ಕತ್ತಿ, ಅದರ ವರಸೆ. ಕೈಲಾಂಚದ ಹತ್ತಿರದ ನಮ್ಮ ಊರಿನಲ್ಲಿ, ಹಿಪ್ಪುನೇರಳೆ ತೋಟದ ನಡುವೆ, ಗುರುವಿಲ್ಲದೆ, ಎದುರಾಳಿಯೂ ಇಲ್ಲದೆ ನಾನೊಬ್ಬನೇ ನಿಂತು ಇದನ್ನು ಕಲಿತೆ. ಕಲಿತೆ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಕಲಿಯಲು ಶುರುಮಾಡಿದೆ ಅನ್ನೋಣ.

ಅದಕ್ಕೂ ಮೊದಲು ಈ ಊರಿನಲ್ಲಿ ನನ್ನ ಸ್ಥಾನಮಾನ ಏನು ಎಂದು ಹೇಳಿಬಿಡಬೇಕು. ನನ್ನ ಸ್ವಂತ ಊರು ಮಾಗಡಿಯ ತಿಪ್ಪಸಂದ್ರದ ಕಡೆ. ಹೆಂಡತಿ ಸುನಂದಾ ತವರಿಗೆ ಒಬ್ಬಳೇ ಮಗಳು. ಮದುವೆಯಾದ ಹೊಸದರಲ್ಲಿ ನಮ್ಮ ಮಾವನವರು, "ರಾಮನಗರಕ್ಕೆ ಇಲ್ಲಿಂದ್ಲೇ ಓಡಾಡಿ ಅಳೀಮಯ್ಯ, ಹತ್ರ ಆಯ್ತದೆ" ಎಂದರು. ಹತ್ತಿರವೇನೋ ಆಯಿತು. ಒಂದು ಸೂಟ್‌ಕೇಸು ಹಿಡಿದು ಬಂದವನು ಅವರ ತೋಟ, ಹುಳುಮನೆ, ಎರಡು ಹಸುವಿನ ಜೊತೆಗೆ ಇಲ್ಲೇ ಉಳಿದೆ. ಮಾವನವರು ತೀರಿಕೊಂಡರು, ನಾನು ಮಾತ್ರ ಅಳಿಯನಾಗಿಯೇ ಉಳಿದುಕೊಂಡೆ. ನನ್ನ ಹೆಸರು ಲೋಕೇಶ. ಇದು ಕಚೇರಿಯವರಿಗೆ ಗೊತ್ತು, ಬ್ಯಾಂಕಿನವರಿಗೆ ಗೊತ್ತು. ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಡೈರಿಯಲ್ಲಿ ಹಾಲು ಅಳೆಯುವವನಿಗೂ ನಾನು ಅಳೀಮಯ್ಯ, ಬಸ್ಸಿನ ಕಂಡಕ್ಟರಿಗೂ ಅಳೀಮಯ್ಯ, ನನಗಿಂತ ಹಿರಿಯ ಮುದುಕಿಯರಿಗೂ ಅಳೀಮಯ್ಯ. ನಮ್ಮ ಕಡೆ ಅಳಿಯನಿಗೆ ಮರ್ಯಾದೆ ಬಹಳ, ಜೊತೆಗೆ ಅವನನ್ನು ನೋಡಿ ನಗುವ ಹಕ್ಕು ಇಡೀ ಊರಿಗೆ ಇರುತ್ತದೆ. ಎರಡೂ ಒಂದೇ ಎಲೆಯಲ್ಲಿ ಬಡಿಸಿಕೊಂಡು ಬರುತ್ತವೆ. ಊರಿನವನೊಬ್ಬ ಕಾಲುವೆಯಲ್ಲಿ ಜಾರಿಬಿದ್ದರೆ ಜನ "ಅಯ್ಯೋ ಪಾಪ" ಎಂದು ಓಡಿಬರುತ್ತಾರೆ. ನಾನು ಬಿದ್ದರೆ ಮೊದಲು ನಕ್ಕು, ಆಮೇಲೆ ಎತ್ತಿ, ಕಾಫಿ ಕೊಟ್ಟು, ಮತ್ತೆ ನಗುತ್ತಾರೆ. ಸಿಟ್ಟೇನೂ ಇಲ್ಲ. ಆದರೂ ಯಾವುದಾದರೂ ಒಂದು ಕೆಲಸದಿಂದ ಈ ಊರು ನನ್ನನ್ನು ಒಂದು ಸಲವಾದರೂ "ಲೋಕೇಶಣ್ಣ" ಅನ್ನಬೇಕು ಎಂಬ ಆಸೆ ಒಳಗೇ ಇತ್ತು.

ಕತ್ತಿ ನನ್ನ ಬದುಕಿಗೆ ಬಂದದ್ದು ಕುಡುಗೋಲಿನ ಮೂಲಕ. ಸೊಪ್ಪು ಕೊಯ್ಯುವ ಕುಡುಗೋಲಿನ ಹಿಡಿ ಸಡಿಲವಾಗಿತ್ತು. ಅದನ್ನು ಬಿಗಿ ಮಾಡುವುದು ಹೇಗೆ ಎಂದು ಮೊಬೈಲಿನಲ್ಲಿ ಹುಡುಕಿದೆ. ಮೊದಲ ವಿಡಿಯೋ ಕುಡುಗೋಲಿನದು, ಎರಡನೆಯದು ಮಚ್ಚಿನದು, ಮೂರನೆಯದರಲ್ಲಿ ಗಡ್ಡ ಬಿಟ್ಟ ಬಿಳಿಯನೊಬ್ಬ ಹುಲ್ಲುಹಾಸಿನ ಮೇಲೆ ಎದೆಯೆತ್ತರದ ಕತ್ತಿ ಹಿಡಿದು ನಿಂತಿದ್ದ. ಒಂದು ಹೆಜ್ಜೆ ಮುಂದಿಟ್ಟ, ಕತ್ತಿ ಗಾಳಿಯಲ್ಲಿ ಸುಯ್ಯೆಂದಿತು, ಅಷ್ಟೆ. ನನ್ನ ಮೈಯೆಲ್ಲ ಜುಮ್ಮೆಂದಿತು. ಕುಡುಗೋಲಿನ ಹಿಡಿ ಇವತ್ತಿಗೂ ಸಡಿಲವಾಗಿಯೇ ಇದೆ.

ಹೊಸಬರಿಗಾಗಿ ಆ ಗಡ್ಡದವನು ಕೆಲವು ಬುದ್ಧಿಮಾತು ಹೇಳಿದ್ದ. ಮೊದಲನೆಯದು, ನಿಮ್ಮ ಹತ್ತಿರದ ಸಂಘ ಸೇರಿ ಅಂತ. ನಮ್ಮ ಹತ್ತಿರ ಇರುವುದು ಹಾಲು ಉತ್ಪಾದಕರ ಸಂಘ. ನಾನಾಗಲೇ ಅದರ ಸದಸ್ಯ, ಅಲ್ಲಿ ಯಾರೂ ಕತ್ತಿ ಹಿಡಿಯುವುದಿಲ್ಲ, ಸರ್ವಸದಸ್ಯರ ಸಭೆಯ ದಿನ ಒಂದನ್ನು ಬಿಟ್ಟರೆ ಅಂಥ ಮನಸ್ಸೂ ಯಾರಿಗೂ ಬರುವುದಿಲ್ಲ. ಎರಡನೆಯದು, ತಲೆಗೆ ಮುಖವಾಡ, ಕೈಗೆ ದಪ್ಪ ಗವಸು ಹಾಕಿಕೊಳ್ಳಿ ಅಂತ. ನಾನು ಸ್ಕೂಟರಿನ ಹೆಲ್ಮೆಟ್ಟು ಹಾಕಿಕೊಂಡೆ. ಗವಸಿಗೆ ಬದಲು ಸುನಂದಾ ಬಿಸಿ ಪಾತ್ರೆ ಇಳಿಸುವ ಬಟ್ಟೆಗಳನ್ನು ಸುತ್ತಿಕೊಂಡೆ. ಮೂರನೆಯದು, ಕಬ್ಬಿಣದ ಕತ್ತಿಯಿಂದ ಶುರುಮಾಡಬೇಡಿ, ಮರದ್ದು ಮಾಡಿಸಿಕೊಳ್ಳಿ ಅಂತ. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಕಾಲು ಕಲಿಯಿರಿ ಎಂದೂ ಹೇಳಿದ್ದ. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಒಸಿ ಬಾಗಬೇಕು, ಹೊಡೆತದ ಜೊತೆಗೇ ಹಿಂದಿನ ಕಾಲು ಮುಂದೆ ಬರಬೇಕು. ಹಿಪ್ಪುನೇರಳೆ ಸಾಲಿನ ನಡುವೆ ನಾನು ಬೆಳಿಗ್ಗೆ ಇದನ್ನು ಅಭ್ಯಾಸ ಮಾಡುತ್ತಿದ್ದರೆ ಪಕ್ಕದ ತೋಟದವರು, "ಅಳೀಮಯ್ಯಂಗೆ ಮಂಡಿ ಹಿಡ್ಕಂಬುಟ್ಟೈತೆ, ಯಾವ್ದಾದ್ರೂ ಎಣ್ಣೆ ಹಚ್ಚವ್ವ" ಎಂದು ಸುನಂದಾಗೆ ಹೇಳಿದರಂತೆ. ಅವಳು ನಿಜವಾಗಿಯೂ ಎಣ್ಣೆ ಕಾಯಿಸಿ ತಂದಳು.

ಆಗ ಅವಳಿಗೆ ವಿಷಯ ಹೇಳಲೇಬೇಕಾಯಿತು. ಸುನಂದಾ ಸುಲಭಕ್ಕೆ ಆಶ್ಚರ್ಯಪಡುವವಳಲ್ಲ. ವರ್ಷದಲ್ಲಿ ಹಲವು ಸಲ ಸಾವಿರಾರು ರೇಷ್ಮೆಹುಳುಗಳನ್ನು ಮೊಟ್ಟೆಯಿಂದ ಗೂಡಿನವರೆಗೆ ಸಾಕಿ ಮುಟ್ಟಿಸುವವಳಿಗೆ ಇನ್ನೊಂದು ಪ್ರಾಣಿಯ ಚೇಷ್ಟೆ ದೊಡ್ಡದಲ್ಲ. ನಾನು ಉತ್ಸಾಹದಿಂದ ವಿವರಿಸಿದೆ. ಜರ್ಮನಿಯವರ ಈ ವಿದ್ಯೆಯಲ್ಲಿ ಮುಖ್ಯವಾಗಿ ನಾಲ್ಕು ನಿಲುವುಗಳಿವೆ ಕಣೆ. ಅವರೂ ನಮ್ಮ ಹಾಗೆ ಒಕ್ಕಲು ಮಕ್ಕಳೇ ಇರಬೇಕು, ಹೆಸರು ಕೇಳು. ಕತ್ತಿಯನ್ನು ತಲೆಯ ಪಕ್ಕಕ್ಕೆ ಎತ್ತಿ ಮೊನೆಯನ್ನು ಕೊಂಬಿನ ಹಾಗೆ ಮುಂದಕ್ಕೆ ಚಾಚಿದರೆ ಅದು 'ಎತ್ತು'. ಸೊಂಟದ ಹತ್ತಿರ ಹಿಡಿದು ಮೊನೆ ಮೇಲೆ ಮಾಡಿದರೆ 'ನೇಗಿಲು'. ಹೆಗಲ ಮೇಲಕ್ಕೆ ಎತ್ತಿ ಹೊಡೆಯಲು ಸಿದ್ಧವಾಗಿ ನಿಂತರೆ 'ಸೂರು'. ಇನ್ನೊಂದಿದೆ, ಕೈ ಎರಡನ್ನೂ ಜೋತುಬಿಟ್ಟು, ಕತ್ತಿಯ ಮೊನೆ ನೆಲ ನೋಡುವ ಹಾಗೆ ಹಿಡಿದು, ಏನೂ ತಿಳಿಯದವನಂತೆ ನಿಲ್ಲುವುದು. ಎದುರಾಳಿ ಇವನ ಕೈಲೇನೂ ಆಗುವುದಿಲ್ಲ ಅಂದುಕೊಂಡು ಮೈಮೇಲೆ ಬರುತ್ತಾನೆ, ಬಂದು ಸಿಕ್ಕಿಹಾಕಿಕೊಳ್ಳುತ್ತಾನೆ. ಅದರ ಹೆಸರು 'ದಡ್ಡ'.

ಸುನಂದಾ ಸೊಪ್ಪು ಹೆಚ್ಚುತ್ತಲೇ ಕೇಳಿಸಿಕೊಂಡಳು. "ಮೂರು ಕಲೀರಿ ಸಾಕು. ಕೊನೇದು ನಿಮ್ಗೆ ಬತ್ತದೆ" ಎಂದಳು. ಆಮೇಲೆ, "ಹುಳುಮನೆ ಕಡೆ ಮಾತ್ರ ಧೂಳು ಎಬ್ಬಿಸ್ಬೇಡಿ" ಎಂದು ಸೇರಿಸಿದಳು. ಅಷ್ಟಕ್ಕೆ ನನಗೆ ಅನುಮತಿ ಸಿಕ್ಕಿತು.

ಮರದ ಕತ್ತಿಗೆ ನಾನು ಹೋದದ್ದು ಚನ್ನಪಟ್ಟಣಕ್ಕೆ. ಊರಲ್ಲೇ ಬಾಗಿಲು ಕಿಟಕಿ ಮಾಡುವ ಬಡಗಿ ಇದ್ದ. ಅವನ ಹತ್ತಿರ ಹೋಗಿ ಒಂದು ಹಲಗೆ ಸೀಳಿಸಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಆದರೆ ನಮ್ಮ ಜಿಲ್ಲೆಯವನ ತಲೆಯಲ್ಲಿ ಮರದ್ದು ಏನಾದರೂ ಚೆಂದವಾಗಿ ಬೇಕು ಎಂದ ಕೂಡಲೇ ಚನ್ನಪಟ್ಟಣ ಎಂದು ತಾನಾಗಿ ಬರುತ್ತದೆ. ಅಲ್ಲಿ ಲೇತಿನ ಮೇಲೆ ಗೊಂಬೆ ಮಾಡುವ ರಹಮತ್ ಸಾಬರು ನನಗೆ ಹಳೆಯ ಪರಿಚಯ. ದೊಡ್ಡ ಜಂಬದ ಮನುಷ್ಯರು. ನಾನು ಉದ್ದ ಹೇಳಿದೆ, ಹಿಡಿ ಎಷ್ಟಿರಬೇಕು ಹೇಳಿದೆ, ಹಿಡಿಯ ಮುಂದೆ ಅಡ್ಡಪಟ್ಟಿ ಇರಬೇಕೆಂದೆ, ಹಿಡಿಯ ಕೊನೆಯಲ್ಲಿ ತೂಕಕ್ಕೆ ಒಂದು ಗುಂಡು ಇರಬೇಕೆಂದೆ. ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದು ಕ್ಷಣ ನೋಡಿ ಮೊಬೈಲು ವಾಪಸು ಕೊಟ್ಟರು.

"ಇದೇನ್ ಮಹಾ ಸಾರ್. ಕುದುರೆ ಮಾಡಿದೀನಿ, ರೈಲು ಮಾಡಿದೀನಿ, ಫಾರಿನ್‌ನೋರು ಬಂದು ಫೋಟೋ ಹೊಡ್ಕೊಂಡು ಹೋಗವ್ರೆ. ನೀವು ಹೋಗಿ, ಮುಂದಿನ ವಾರ ಬನ್ನಿ. ನಿಮ್ಮ ಜರ್ಮನಿಯೋರೇ ಬಂದು ಕೇಳ್ಬೇಕು, ಅಂಗ್ ಮಾಡ್ಕೊಡ್ತೀನಿ."

ಮುಂದಿನ ವಾರ ಹೋದೆ. ಬಟ್ಟೆ ಸುತ್ತಿದ್ದನ್ನು ಬಿಚ್ಚಿ ಎದುರಿಗಿಟ್ಟರು. ಅದು ಎದೆಯೆತ್ತರವಿತ್ತು, ಅಡ್ಡಪಟ್ಟಿ ಇತ್ತು, ಹಿಡಿ ಇತ್ತು, ಎಲ್ಲವೂ ಇತ್ತು. ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಉಜ್ಜಿ ಫಳಫಳ ಹೊಳೆಯಿಸಿದ್ದರು. ಕೆಂಪು, ಹಳದಿ, ಹಸಿರು ಪಟ್ಟೆಗಳು ಬುಡದಿಂದ ತುದಿಯವರೆಗೆ. ಲೇತಿನಲ್ಲಿ ಅಷ್ಟುದ್ದ ಕೂರುವುದಿಲ್ಲವೆಂದು ಎರಡು ತುಂಡು ಮಾಡಿ, ನಡುವೆ ಗೂಟ ಕೂರಿಸಿ, ಸೇರಿದ ಕಡೆ ಕಾಣದಂತೆ ಒಂದು ಚಿನ್ನದ ಬಣ್ಣದ ಬಳೆ ಎಳೆದಿದ್ದರು. ಮತ್ತೆ ಲೇತಿನ ಮೇಲೆ ತಿರುಗಿ ಬಂದ ಎಲ್ಲ ವಸ್ತುಗಳ ಹಾಗೆ ಅದು ದುಂಡಗಿತ್ತು. ಬುಡದಲ್ಲಿ ದಪ್ಪ ದುಂಡು, ತುದಿಯಲ್ಲಿ ಸಣ್ಣ ದುಂಡು. ಕತ್ತಿಯ ಅಗಲ, ಅಂಚು ಅನ್ನುವುದೇ ಇರಲಿಲ್ಲ. ಹಿಡಿಯ ಕೊನೆಗೆ ತೂಕದ ಗುಂಡಿಗೆ ಬದಲು ಮದುಮಗನ ಗೊಂಬೆಯ ತಲೆಯೊಂದನ್ನು ಸಿಕ್ಕಿಸಿದ್ದರು. ಅದಕ್ಕೆ ಕಣ್ಣು, ಹುಬ್ಬು, ಹುರಿಮೀಸೆ ಎಲ್ಲ ಇದ್ದವು.

"ಬೋಳಾಗಿ ಕಾಣ್ತಿತ್ತು ಸಾರ್. ಅದಕ್ಕೇ ಮೀಸೆ ಬರ್ದೆ" ಎಂದರು ರಹಮತ್ ಸಾಬರು ತೃಪ್ತಿಯಿಂದ.

"ಸಾಬ್ರೇ, ಕತ್ತಿ ಚಪ್ಪಟೆ ಇರುತ್ತಲ್ವಾ?" ಎಂದೆ.

"ಚಪ್ಪಟೆ ಮಾಡಿದ್ರೆ ಮಕ್ಕಳಿಗೆ ಚುಚ್ಚುತ್ತೆ ಸಾರ್. ದುಂಡು ಸೇಫು. ಕೈಗೆ ಹಿಡಿದು ನೋಡಿ."

ಹಿಡಿದೆ. ಏನು ಹೇಳಲಿ, ಗೊಂಬೆಗೆ ಬಳಸುವ ಆಲೆಮರದ ಆ ಹಗುರ, ಆ ನುಣುಪು, ಆ ಬಣ್ಣ! ಅಂಗಡಿಯ ಮುಂದೆಯೇ ಹೆಗಲ ಮೇಲಕ್ಕೆ ಎತ್ತಿ 'ಸೂರು' ನಿಲುವಿನಲ್ಲಿ ನಿಂತುಬಿಟ್ಟೆ. ಹೆದ್ದಾರಿಯಲ್ಲಿ ಹೋಗುವ ಕಾರುಗಳು ನಿಧಾನ ಮಾಡಿ ನೋಡಿದವು. ಒಂದು ಕಾರಿನವರು ಇಳಿದು, ಇಂಥದೇ ಒಂದು ಬೇಕೆಂದು ವಿಚಾರಿಸಿದರು. ರಹಮತ್ ಸಾಬರು ನನ್ನ ಕಡೆ ಗೆದ್ದವರಂತೆ ನೋಡಿದರು. ನಾನು ಖುಷಿಯಿಂದ ಆ ದುಂಡು ಕತ್ತಿಯನ್ನು ಸ್ಕೂಟರಿಗೆ ಕಟ್ಟಿಕೊಂಡು ಊರಿಗೆ ಬಂದೆ. ಮೀಸೆಯ ತಲೆ ಹಿಂದಕ್ಕೆ ಮುಖ ಮಾಡಿ ದಾರಿಯುದ್ದಕ್ಕೂ ಹಿಂದಿನ ವಾಹನಗಳನ್ನು ಗದರಿಸುತ್ತಿತ್ತು.

ಅಲ್ಲಿಂದ ಮೂರು ತಿಂಗಳು ನಾನಿದ್ದ ಸಂತೋಷ ನನಗೊಬ್ಬನಿಗೇ ಗೊತ್ತು. ಬೆಳಿಗ್ಗೆ ಎದ್ದರೆ ತೋಟಕ್ಕೆ ಓಟ. ಎದುರಾಳಿಯಾಗಿ ಸಿಡಿಲು ಬಡಿದ ತೆಂಗಿನ ಮೋಟೊಂದು ಸಿಕ್ಕಿತು. ಅದಕ್ಕೆ ನನ್ನ ಹಳೆಯ ಅಂಗಿ ತೊಡಿಸಿದ್ದೆ. ಹೆಲ್ಮೆಟ್ಟಿನ ಗಾಜಿನೊಳಗಿಂದ ಅದನ್ನು ದಿಟ್ಟಿಸಿ, ಎತ್ತಿನಿಂದ ನೇಗಿಲಿಗೆ, ನೇಗಿಲಿನಿಂದ ಸೂರಿಗೆ ಬಂದು ಹೊಡೆತ ಹಾಕುತ್ತಿದ್ದೆ. 'ಕೋಪದ ಏಟು' ಎಂದು ಒಂದಿದೆ, ಸೂರಿನಿಂದ ಓರೆಯಾಗಿ ಇಳಿಯುವುದು. ಅದಂತೂ ನನಗೆ ಬಹಳ ಚೆನ್ನಾಗಿ ಬಂತು. ಹಸುಗಳು ಮೊದಲ ವಾರ ಹಾಲು ಕಡಿಮೆ ಕೊಟ್ಟವು, ಆಮೇಲೆ ಅವಕ್ಕೂ ಅಭ್ಯಾಸವಾಯಿತು. ಗಡ್ಡದ ಗುರುಗಳು ಒಂದು ಇಡೀ ವಿಡಿಯೋದಲ್ಲಿ ಕತ್ತಿಯ ಅಂಚಿನ ಬಗ್ಗೆಯೇ ಮಾತಾಡಿದ್ದರು. ಹೊಡೆಯುವಾಗ ಅಂಚು ಹೊಡೆತದ ದಿಕ್ಕಿಗೇ ಇರಬೇಕು, ಮಣಿಕಟ್ಟು ಸ್ವಲ್ಪ ತಿರುಗಿದರೂ ಕತ್ತಿ ಅಡ್ಡಲಾಗಿ ಬಡಿಯುತ್ತದೆ ಎಂದು ಏನೇನೋ ಹೇಳುತ್ತಿದ್ದರು. ನನ್ನ ಕತ್ತಿಗೆ ಅಂಚೇ ಇಲ್ಲವಲ್ಲ, ನಮಗಲ್ಲ ಇದು ಅಂದುಕೊಂಡು ಆ ಭಾಗವನ್ನು ಬೆರಳಲ್ಲಿ ಓಡಿಸಿ ಮುಂದಕ್ಕೆ ಹೋದೆ. ದುಂಡು ಕತ್ತಿಯಲ್ಲಿ ಇದೊಂದು ಸುಖ. ಹೇಗೆ ಹಿಡಿದರೂ ಸರಿ, ಹೇಗೆ ಹೊಡೆದರೂ ಸರಿ.

ಆಯುಧಪೂಜೆ ಬಂತು. ಜಗಲಿಯ ಮೇಲೆ ಕುಡುಗೋಲು, ಮಚ್ಚು, ಗುದ್ದಲಿ, ಮಿಕ್ಸಿ, ಸುನಂದಾ ಸೊಪ್ಪು ಹೆಚ್ಚುವ ಕತ್ತಿ, ಪಕ್ಕದಲ್ಲಿ ಸ್ಕೂಟರು, ಎಲ್ಲಕ್ಕೂ ಕುಂಕುಮ, ಹೂವು. ನಾನು ನನ್ನ ದುಂಡು ಕತ್ತಿಯನ್ನು ನಡುಮಧ್ಯೆ ನಿಲ್ಲಿಸಿ ಮೀಸೆಯ ತಲೆಗೊಂದು ಚೆಂಡುಹೂವಿನ ಹಾರ ಹಾಕಿದೆ. ಮಂಗಳಾರತಿ ಮುಗಿಯುವ ಹೊತ್ತಿಗೆ ಸುನಂದಾಳ ದೊಡ್ಡಪ್ಪ ಕೆಂಪಣ್ಣನವರು ಪುರಿ ಕಡಲೆಗೆ ಬಂದರು. ಊರಿಗೆ ಹಿರಿಯರು. ವಿಜಯದಶಮಿಯ ಸಂಜೆ ಬನ್ನಿಮರದ ಹತ್ತಿರ ದೇವರ ಪಟ್ಟದ ಕತ್ತಿಯಲ್ಲಿ ಬಾಳೆ ಕಡಿಯುವ ಹಕ್ಕು ಅವರ ಮನೆಯದು. ಒಂದೇ ಏಟಿಗೆ ಬಾಳೆ ಉರುಳಿದರೆ ಊರಿಗೆ ಒಳ್ಳೆಯದು ಎಂದು ನಂಬಿಕೆ. ಆ ತಿಂಗಳು ಅವರ ಬಲಗೈ ಹೆಗಲಿನಿಂದ ಜೋತುಬಿದ್ದಿತ್ತು. ಹೆಗಲು ಹಿಡಿದುಕೊಂಡಿದೆ, ಮೇಲಕ್ಕೆತ್ತಲು ಆಗುವುದಿಲ್ಲ ಎನ್ನುತ್ತಿದ್ದರು. ಹಳೆಯ ಟವಲಿನ ಜೋಳಿಗೆಯಲ್ಲಿ ಕೈಯಿಟ್ಟುಕೊಂಡು ಓಡಾಡುತ್ತಿದ್ದರು.

ಅವರು ನನ್ನ ಕತ್ತಿಯ ಮುಂದೆ ಬಹಳ ಹೊತ್ತು ನಿಂತರು. ಮೀಸೆಯನ್ನು ನೋಡಿದರು, ನನ್ನನ್ನು ನೋಡಿದರು.

"ತೋಟದಾಗೆ ದಿನಾ ಬಡೀತಿದ್ದೋರು ನೀವೇಯಾ ಅಳೀಮಯ್ಯ?"

"ಹೌದು ಮಾವ" ಎಂದೆ.

"ನೋಡಿವ್ನಿ. ಏಟು ಜೋರಾಗೈತೆ. ನಾಳೆ ಬಾಳೆ ನೀವೇ ಕಡೀರಿ."

"ನಾನಾ? ಸಿದ್ದೇಗೌಡ್ರು ಇದ್ದಾರಲ್ಲ ಮಾವ?" ಎಂದೆ. ಸಿದ್ದೇಗೌಡರು ಕೆಂಪಣ್ಣನವರ ದಾಯಾದಿ. ಆ ಕತ್ತಿಯ ಮೇಲೆ ಬಹಳ ವರ್ಷದಿಂದ ಕಣ್ಣಿಟ್ಟವರು.

"ಅವ್ನ ಕೈಗೆ ಒಂದ್ಸಲ ಹೋದ್ರೆ ನಮ್ಮನೆಗೆ ವಾಪಸ್ ಬರಾಕಿಲ್ಲ ಕಣಿ. ನೀವು ನಮ್ಮನೆ ಅಳೀದೀರು. ನಮ್ಮ ಕೈ ಇದ್ದಂಗೆ. ಹೂ ಅನ್ನಿ."

ಹೂ ಅಂದೆ. ಅನ್ನದೆ ಇರಲು ನನ್ನ ಕೈಲಿ ಹೇಗಾದೀತು? ಲೋಕೇಶಣ್ಣ, ಲೋಕೇಶಣ್ಣ ಎಂದು ಆಗಲೇ ಕಿವಿಯೊಳಗೆ ತಮಟೆ ಬಾರಿಸುತ್ತಿತ್ತು. ಕೆಂಪಣ್ಣನವರು ಹೋದ ಮೇಲೆ ಸುನಂದಾ ನನ್ನನ್ನು ಹುಳುಮನೆಯ ಬಾಗಿಲಿಗೆ ಕರೆದಳು. ಹುಳುಗಳು ನಾಲ್ಕನೇ ಜ್ವರ ದಾಟಿ, ಹಾಗೆಂದರೆ ಕೊನೆಯ ಪೊರೆ ಬಿಟ್ಟು, ಸೊಪ್ಪು ತಿಂದು ತಿಂದು ಹಣ್ಣಾಗತೊಡಗಿದ್ದವು. ಬೆಳಗಾದರೆ ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬಿಡಬೇಕು. "ಇವತ್ತಿನ್‌ತನಕ ಏನ್ ಮಾಡಿದ್ರೂ ನಾನು ಕೇಳ್ಲಿಲ್ಲ. ನಾಳೆ ಆ ಬಾಳೆ ನಿಂತ್ಕಂಡ್ರೆ, ಊರಲ್ಲಿ ಯಾರ ಬೆಳೆ ಕೆಟ್ರೂ ನಿಮ್ಮ ಹೆಸ್ರು ಹೇಳ್ತಾರೆ. ನಮ್ಮ ಹುಳ ಕೆಟ್ರೆ ನಾನೂ ಹೇಳ್ತೀನಿ" ಎಂದಳು. ತಮಾಷೆಗೆ ಹೇಳಿದಳೆಂದು ನೋಡಿದೆ, ಮುಖದಲ್ಲಿ ನಗು ಇರಲಿಲ್ಲ. ಅವಳ ಇಡೀ ತಿಂಗಳ ನಿದ್ದೆ ಆ ಹುಳುಗಳಲ್ಲಿತ್ತು. ನನಗೆ ನಿಜವಾಗಿ ಭಯವಾಯಿತು.

ಒಂದು ಬಾಳೆಯ ಕಂದನ್ನಾದರೂ ಕಡಿದು ನೋಡೋಣವೆಂದು ಮಚ್ಚಿಗೆ ಕೈ ಹಾಕಿದೆ. ಸುನಂದಾ ಕೈಮೇಲೆ ಹೊಡೆದಳು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ಬನ್ನಿಪೂಜೆ ಮುಗಿಸಿ ಇಳಿಸುವವರೆಗೆ ಮುಟ್ಟುವ ಹಾಗಿಲ್ಲ. ಮಚ್ಚು ಇಲ್ಲ, ಕುಡುಗೋಲಿಲ್ಲ, ದುಂಡು ಕತ್ತಿಯೂ ಇಲ್ಲ. ವರ್ಷವೆಲ್ಲ ಬಿಟ್ಟು, ಅಭ್ಯಾಸ ಬೇಕೇಬೇಕಾದ ಆ ಒಂದು ದಿನ ಊರಿನ ಕಬ್ಬಿಣವೆಲ್ಲ ಹೂವು ಮುಡಿದು ರಜೆಯ ಮೇಲೆ ಕುಳಿತಿತ್ತು. ಬರಿಗೈಯಲ್ಲೇ ಜಗಲಿಯ ಮೇಲೆ ಸೂರಿನಿಂದ ಕೋಪದ ಏಟು ಹಾಕುತ್ತಾ ಹೊತ್ತು ಕಳೆದೆ.

ಮರುದಿನ ಸಂಜೆ ಬನ್ನಿಮರದ ಹತ್ತಿರ ಊರೆಲ್ಲ ಸೇರಿತ್ತು. ಆಗತಾನೇ ಗುಂಡಿ ತೋಡಿ ಆಳೆತ್ತರದ ಬಾಳೆಯ ಗಿಡವೊಂದನ್ನು ನೆಟ್ಟು ಅರಿಸಿನ ಕುಂಕುಮ ಹಚ್ಚಿದ್ದರು. ತಮಟೆ ಬಿಸಿಯಾಗಿತ್ತು. ಪೂಜಾರಪ್ಪ ಮಂಗಳಾರತಿ ತಟ್ಟೆ ಹಿಡಿದು ಬಾಳೆಯ ಆಚೆ ಬದಿಗೆ ನಿಂತಿದ್ದರು. ಕೆಂಪಣ್ಣನವರು ಎಡಗೈಯಲ್ಲಿ ಪಟ್ಟದ ಕತ್ತಿಯನ್ನು ತಂದು ನನ್ನ ಕೈಗೆ ಕೊಟ್ಟರು. ನೆಟ್ಟಗಿನ, ಅಗಲವಾದ, ಹಳೆಯ ಕತ್ತಿ. ಆಹಾ, ಆ ತೂಕ! ಜೀವಮಾನದಲ್ಲಿ ಮೊದಲ ಸಲ ನನ್ನ ಕೈಯಲ್ಲಿ ನಿಜವಾದ ಕತ್ತಿಯಿತ್ತು. ಭಯವೆಲ್ಲ ಎಲ್ಲೋ ಹಾರಿಹೋಯಿತು. ಎಡಗಾಲು ಮುಂದಿಟ್ಟೆ, ಮಂಡಿ ಬಗ್ಗಿಸಿದೆ, ಕತ್ತಿಯನ್ನು ಹೆಗಲ ಮೇಲಕ್ಕೆ ಎತ್ತಿ ಸೂರಿನಲ್ಲಿ ನಿಂತೆ. ಜನ ಕತ್ತು ಚಾಚಿ ನೋಡಿದರು. ಈ ಭಂಗಿಯನ್ನು ಅವರು ಕಂಡಿರಲಿಲ್ಲ. "ಅಳೀಮಯ್ಯ ಏನೋ ಕಲ್ತವ್ರೆ ಕಣ್ಲಾ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಹಿಂದಿನ ಕಾಲನ್ನು ಮುಂದೆ ಒಗೆದು ಬೀಸಿದೆ.

ಕತ್ತಿ ಇನ್ನೂ ಗಾಳಿಯಲ್ಲಿದ್ದಾಗಲೇ ನನಗೆ ಒಂದು ವಿಷಯ ಹೊಳೆಯಿತು. ಈ ಕತ್ತಿಗೆ ಅಂಚು ಎಂಬುದೊಂದಿದೆ, ಅದು ಯಾವ ಕಡೆಗಿದೆಯೋ ನಾನು ನೋಡಿಕೊಂಡಿಲ್ಲ. ಆದರೆ ಅಷ್ಟು ಹೊತ್ತಿಗೆ ಹೊಡೆತ ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಧೊಪ್ ಎಂದು ಸದ್ದಾಯಿತು. ಒಗೆಯುವ ಕಲ್ಲಿಗೆ ಒದ್ದೆ ಕಂಬಳಿ ಬಡಿದ ಹಾಗಿತ್ತು. ಕತ್ತಿಯ ಅಗಲ ಬದಿ ಬಾಳೆಯ ಮೈಗೆ ಪೂರ್ತಿ ಬಡಿದು ವಾಪಸು ಪುಟಿಯಿತು, ನನ್ನ ಹಲ್ಲಿನವರೆಗೆ ಝುಮ್ಮೆಂದಿತು. ಬಾಳೆಯ ಮೇಲೆ ಒಂದು ಗೀರು ಕೂಡ ಬೀಳಲಿಲ್ಲ. ಅದು ಹಿಂದಕ್ಕೆ ವಾಲಿತು, ಒಂದು ಕ್ಷಣ ಯೋಚನೆ ಮಾಡಿತು, ಆಮೇಲೆ ಬುಡದ ಹಸಿ ಮಣ್ಣನ್ನೆಲ್ಲ ಎತ್ತಿಕೊಂಡು ನಿಧಾನಕ್ಕೆ ಮಲಗತೊಡಗಿತು. ಪೂಜಾರಪ್ಪ ತಟ್ಟೆ ಎತ್ತಿಕೊಂಡು ಹಾರಿದರು. ಬಾಳೆ ಎಲೆಗಳ ಸಮೇತ, ಇಡಿಯಾಗಿ, ಹಾಸಿಗೆಯ ಮೇಲೆ ಮಲಗುವವರಂತೆ ನೆಲದ ಮೇಲೆ ಮಲಗಿತು.

ತಮಟೆ ನಿಂತುಹೋಯಿತು. ಮೊದಲು ನಕ್ಕವಳು ನನ್ನ ಹೆಂಡತಿ. ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗದೆ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟಳು. ಅಲ್ಲಿಂದ ಹೆಂಗಸರೆಲ್ಲ ಶುರುವಾದರು, ಆಮೇಲೆ ತಮಟೆಯವರು, ಆಮೇಲೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡಿತು. ನನಗೂ ಉಕ್ಕಿ ಬಂತು. ಕತ್ತಿ ಊರಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಸಿದ್ದೇಗೌಡರು ಮಾತ್ರ ನಗಲಿಲ್ಲ. "ಇದು ಕಡ್ದಿದ್ದಲ್ಲ, ಕೆಡವಿದ್ದು. ಲೆಕ್ಕಕ್ಕಿಲ್ಲ" ಎಂದರು. ಕೆಂಪಣ್ಣನವರು ಕೂಡಲೇ, "ಒಂದೇ ಏಟ್ಗೆ ನೆಲ ಹಿಡಿತೋ ಇಲ್ವೋ, ನೀನೇ ಹೇಳ್ಲಾ" ಎಂದರು. ಸಿದ್ದೇಗೌಡರು ಮಲಗಿದ ಬಾಳೆಯನ್ನು ನೋಡಿದರು. ಪೂಜಾರಪ್ಪನಿಗೆ ಮನೆಗೆ ಹೋಗುವ ಅವಸರ. "ದೇವ್ರಿಗೆ ಸಮ್ಮತ ಆಗೈತೆ" ಎಂದು ತೆಂಗಿನಕಾಯಿ ಒಡೆದೇಬಿಟ್ಟರು. ಆ ವರ್ಷ ನಮ್ಮ ಊರಿಗೆ ಒಳ್ಳೆಯದಾಗುವುದೆಂದು ಹಾಗೆ ತೀರ್ಮಾನವಾಯಿತು.

ಮಾರನೆಯ ಬೆಳಿಗ್ಗೆ ತೋಟದ ಕಡೆ ಹೋಗುತ್ತಿದ್ದೆ. ಕೆಂಪಣ್ಣನವರು ಹೊಂಗೆ ಮರದ ಕೆಳಗೆ ನಿಂತು, ಬಲಗೈಯನ್ನು ತಲೆಗಿಂತ ಮೇಲೆ ಚಾಚಿ, ಹಲ್ಲುಜ್ಜಲು ಒಂದು ಕಡ್ಡಿಯನ್ನು ಲಟಕ್ಕನೆ ಮುರಿದರು. ಟವಲು ಹೆಗಲ ಮೇಲಿತ್ತು. ತಿರುಗಿದವರು ನನ್ನನ್ನು ಕಂಡರು. ಗಾಬರಿಯಾಗಲಿಲ್ಲ.

"ಮಾವ, ಕೈ?" ಎಂದೆ.

"ಒಸಿ ವಾಸಿ ಆಗೈತೆ" ಎಂದರು. ಆಮೇಲೆ ತಮಗೇ ನಗು ಬಂತು. "ಬನ್ನಿ, ಕೂತ್ಕಳಿ" ಎಂದು ಬದುವಿನ ಮೇಲೆ ಕೂರಿಸಿಕೊಂಡರು. "ಹ್ವಾದ ವರ್ಸ ಕತ್ತಿ ಅರ್ಧಕ್ಕೇ ಸಿಕ್ಕಂಬುಟ್ತು ಅಳೀಮಯ್ಯ. ತಮಟೆ ಗಲಾಟೇಲಿ ಯಾರ್ಗೂ ಕಾಣ್ನಿಲ್ಲ, ಕಾಲಲ್ಲಿ ಒಸಿ ಒದ್ದೆ, ಬಿತ್ತು. ಈ ಸಲ ಒದೆಯಾಕೂ ಕಾಲು ಬರಾಕಿಲ್ಲ. ನಾನು ಹೊಡ್ದು ಬೀಳ್ದೆ ಇದ್ದಿದ್ರೆ ಊರು ನಗ್ತಿರ್ಲಿಲ್ಲ. ಕೆಂಪಣ್ಣಂಗೆ ವಯಸ್ಸಾಯ್ತು, ಪಾಪ ಅಂದ್ಬುಡೋರು. ಆ ಪಾಪ ಅನ್ನೋದ್ನ ಕೇಳಾಕಾಗಾಕಿಲ್ಲ ನನ್ನ ಕೈಲಿ. ನೀವಾದ್ರೆ ಅಳೀಮಯ್ಯ. ಬಿದ್ರೆ ಸಂತೋಸ, ಬೀಳ್ದಿದ್ರೆ ನಗು. ಎರಡ್ರಾಗೂ ಕೇಡಿಲ್ಲ."

"ಹಾಗಾದ್ರೆ ಮುಂದಿನ ವರ್ಷ?"

ಕೆಂಪಣ್ಣನವರು ಕಡ್ಡಿ ಕಚ್ಚಿಕೊಂಡು ಎದ್ದರು. "ಮುಂದಿನ್ ವರ್ಸನೂ ನೋವು ಬತ್ತದೆ" ಎಂದು ಹೋದರು.

ನಾನು ಬದುವಿನ ಮೇಲೆ ಹಾಗೇ ಕುಳಿತಿದ್ದೆ. ಇಡೀ ತಿಂಗಳು ಅವರು ಕೈ ಜೋತುಬಿಟ್ಟುಕೊಂಡು, ಏನೂ ಕೈಲಾಗದವರಂತೆ ಊರೆಲ್ಲ ಓಡಾಡಿದ್ದು ಕಣ್ಣಮುಂದೆ ಬಂತು. ಎತ್ತು, ನೇಗಿಲು, ಸೂರು ಎಂದು ನಾನು ತೆಂಗಿನ ಮೋಟಿನ ಜೊತೆ ಗುದ್ದಾಡುತ್ತಿದ್ದಾಗ ಈ ಮನುಷ್ಯ ಯಾವ ವಿಡಿಯೋವನ್ನೂ ನೋಡದೆ ನಾಲ್ಕನೆಯ ನಿಲುವಿನಲ್ಲಿ ನಿಂತಿದ್ದರು. ನಾನು ಎದುರಾಳಿ ಅನ್ನುವುದೂ ನನಗೆ ತಿಳಿಯದ ಹಾಗೆ ಹತ್ತಿರಕ್ಕೆ ಬರಮಾಡಿಕೊಂಡಿದ್ದರು. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅಷ್ಟು ಜನರಲ್ಲಿ, ತಮ್ಮ ಮುದಿತನವನ್ನು ನನ್ನ ಕೈಗೆ ಕೊಟ್ಟು ಮುಚ್ಚಿಟ್ಟುಕೊಳ್ಳಬಹುದು ಎಂದು ಅವರಿಗೆ ಅನ್ನಿಸಿತಲ್ಲ, ಅದೇ ಸಂತೋಷವಾಯಿತು. ಈ ಊರಿನವನಾಗಲು ನನಗೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಈಗ ನೀವು ಇದನ್ನು ಯಾರಿಗೂ ಹೇಳಬೇಡಿ, ಸಿದ್ದೇಗೌಡರಿಗಂತೂ ಬೇಡವೇ ಬೇಡ.

ಸುನಂದಾಳ ಹುಳು ಚೆನ್ನಾಗಿ ಗೂಡು ಕಟ್ಟಿತು. ರಾಮನಗರದ ಮಾರುಕಟ್ಟೆಯಿಂದ ಅವಳು ನಗುತ್ತಲೇ ಬಂದಳು. ನಾನು ಊರಿನ ಬಡಗಿಯ ಹತ್ತಿರ ಹೋಗಿ, ಮೊದಲೇ ಹೋಗಬೇಕಿತ್ತಲ್ಲ, ಒಂದು ಚಪ್ಪಟೆ ಕತ್ತಿ ಸೀಳಿಸಿಕೊಂಡು ಅಂಚಿನ ವಿಡಿಯೋವನ್ನು ಮೊದಲಿನಿಂದ ನೋಡುತ್ತಿದ್ದೇನೆ. ದುಂಡು ಕತ್ತಿಯನ್ನು ಸುನಂದಾ ಕೇಳಿ ತೆಗೆದುಕೊಂಡಳು. ಊಜಿ ನೊಣ ಒಳಗೆ ಬಂದು ಹುಳುವಿನ ಮೇಲೆ ಮೊಟ್ಟೆಯಿಡದಂತೆ ಹುಳುಮನೆಯ ಬಾಗಿಲಿಗೆ ಬಲೆಯ ಪರದೆ ಹಾಕಬೇಕು, ಅದಕ್ಕೆ ನುಣ್ಣಗಿನ ದುಂಡು ಕೋಲೊಂದನ್ನು ಅವಳು ಬಹಳ ದಿನದಿಂದ ಹುಡುಕುತ್ತಿದ್ದಳಂತೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿದೆ. ಪರದೆ ಅದರ ಮೇಲೆ ಸರ್ರನೆ ಓಡುತ್ತದೆ. ಒಂದು ತುದಿಯಲ್ಲಿ ಹುರಿಮೀಸೆಯ ತಲೆ ಊಜಿ ನೊಣಗಳನ್ನು ದುರುಗುಟ್ಟಿ ನೋಡುತ್ತಿರುತ್ತದೆ.

ಊರು ನನ್ನನ್ನು ಈಗ 'ಬಾಳೆ ಮಲಗ್ಸಿದ ಅಳೀಮಯ್ಯ' ಅನ್ನುತ್ತದೆ. ಹೆಸರು ಉದ್ದವಾಯಿತೇ ಹೊರತು ಬದಲಾಗಲಿಲ್ಲ. ಇನ್ನು ಸುನಂದಾ. ಗಂಡನ ಹೆಸರನ್ನು ಅವಳು ಇಷ್ಟು ವರ್ಷದಲ್ಲಿ ಒಂದು ದಿನವೂ ಬಾಯಲ್ಲಿ ಹೇಳಿದವಳಲ್ಲ. ಮೊನ್ನೆ ಸೊಪ್ಪು ಹಾಕಲು ಬಂದ ಹೆಂಗಸರಿಗೆ ಅವಳು ಹುಳುಮನೆಯ ಒಳಗಿನಿಂದ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. "ಒಸಿ ಪರದೆಯ ಆ ಲೋಕೇಶನ ಮೀಸೆ ಗಂಟ ಎಳೀರವ್ವ, ನೊಣ ಬತ್ತವೆ!" ಈಗ ಅವರೆಲ್ಲರಿಗೂ ಆ ಕೋಲಿಗೆ ಅದೇ ಹೆಸರು ರೂಢಿಯಾಗಿದೆ. ದಿನಕ್ಕೆ ಎಷ್ಟೋ ಸಲ ನಮ್ಮ ಮನೆಯಲ್ಲಿ ಲೋಕೇಶ, ಲೋಕೇಶ ಎಂದು ಕೂಗುತ್ತಾರೆ. ಪ್ರತಿ ಸಲವೂ ನಾನು ಕತ್ತಿ ಕೆಳಗಿಟ್ಟು "ಬಂದೆ" ಎಂದು ಓಡುತ್ತೇನೆ.